ಕುಲುಮೆ ಆರಿದ ಮೇಲೆ ಉಳಿಯುವ ನೆಲ

ಜರ್ಮನಿಯ ರೂರ್ ಪ್ರಾಂತದ ಡ್ಯೂಸ್‌ಬುರ್ಗ್ ನಗರದಲ್ಲಿ, ಮೈಡರಿಶ್ ಎಂಬ ಬಡಾವಣೆಗೆ ಅಂಟಿಕೊಂಡಂತೆ, ಬೀಡುಕಬ್ಬಿಣದ ಒಂದು ದೊಡ್ಡ ಕಾರ್ಖಾನೆಯಿತ್ತು. ಆಗಸ್ಟ್ ಥೈಸೆನ್ ಎಂಬ ಉದ್ಯಮಿ 1901ರಲ್ಲಿ ಅದನ್ನು ಕಟ್ಟಿಸಲು ತೊಡಗಿದ. ಎರಡು ಮಹಾಯುದ್ಧಗಳನ್ನು ದಾಟಿ ಅದು 1985ರ ಏಪ್ರಿಲ್‌ವರೆಗೆ ನಡೆಯಿತು. ಅಷ್ಟು ವರ್ಷಗಳಲ್ಲಿ ಅಲ್ಲಿ ಕರಗಿ ಹರಿದ ಕಬ್ಬಿಣ ಸುಮಾರು 3.7 ಕೋಟಿ ಟನ್. ಕುಲುಮೆಗಳು ಹಳತಾಗಿ ಕೆಲಸಕ್ಕೆ ಬಾರದಂತಾದವು ಎಂಬ ಕಾರಣಕ್ಕೇನೂ ಅದು ಮುಚ್ಚಲಿಲ್ಲ. ಅಲ್ಲಿನ ಐದನೆಯ ಊದುಕುಲುಮೆಯನ್ನು ಕಟ್ಟಿದ್ದೇ 1973ರಲ್ಲಿ. ಯುರೋಪಿನಲ್ಲಿ ಉಕ್ಕಿನ ತಯಾರಿಕೆ ಬೇಡಿಕೆಯನ್ನು ಮೀರಿ, ಯಾರು ಎಷ್ಟು ತಯಾರಿಸಬೇಕೆಂಬ ಮಿತಿ ನಿಗದಿಯಾದಾಗ, ಹನ್ನೆರಡೇ ವರ್ಷ ಉರಿದ ಆ ಕುಲುಮೆಯನ್ನೂ ಆರಿಸಬೇಕಾಯಿತು. ಪಕ್ಕದ ಕಲ್ಲಿದ್ದಲು ಗಣಿ ಮತ್ತು ಕೋಕ್ ಒಲೆಗಳ ಜಾಗವೂ ಸೇರಿ ಕೊನೆಗೆ ಉಳಿದದ್ದು ಸುಮಾರು 180 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 440 ಎಕರೆಗೂ ಮಿಕ್ಕ ನೆಲ. ಅದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಆ ಊರಿನವರು ಕಂಡುಕೊಂಡ ಉತ್ತರದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಾನು ಬೆಳೆದದ್ದು ಭದ್ರಾವತಿಯಲ್ಲಿ. ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ಅದು. ಅಲ್ಲಿ ‘ಕಾರ್ಖಾನೆ’ ಎಂದರೆ ಯಾವ ಕಾರ್ಖಾನೆ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ನನ್ನ ಹೊಟ್ಟೆಪಾಡು ರೂರ್ ಪ್ರಾಂತದಲ್ಲಿ, ಹಳೆಯ ಕೈಗಾರಿಕಾ ಜಾಗಗಳ ಮಣ್ಣು ಮತ್ತು ಅಂತರ್ಜಲವನ್ನು ಪರೀಕ್ಷಿಸುವ ಕೆಲಸದಲ್ಲಿ. ಹಾಗಾಗಿ ಮೈಡರಿಶ್‌ನ ಕುಲುಮೆಗಳ ಕೆಳಗೆ ನಿಂತಾಗಲೆಲ್ಲ ನನ್ನ ತಲೆಯಲ್ಲಿ ಎರಡು ಊರುಗಳ ಲೆಕ್ಕ ಒಟ್ಟಿಗೇ ಓಡುತ್ತದೆ. ಮುಚ್ಚಿದ ಕಾರ್ಖಾನೆಯ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಎರಡೇ ವಿಷಯಗಳ ಸುತ್ತ ಇರುತ್ತದೆ: ಕೆಲಸ ಕಳೆದುಕೊಂಡವರ ಗತಿ ಮತ್ತು ಜಾಗದ ಬೆಲೆ. ಎರಡೂ ಮಾತಾಡಬೇಕಾದವೇ. ಆದರೆ ಮೂರನೆಯದೊಂದಿದೆ, ಅದು ಆ ಜಾಗದ ಮಣ್ಣಿನ ಸ್ಥಿತಿ. ಅದರ ಮೇಲೆ ಮುಂದೆ ಯಾರು ನಡೆದಾಡುತ್ತಾರೆ, ಯಾರ ಮಕ್ಕಳು ಆಡುತ್ತಾರೆ ಎಂಬುದಕ್ಕೂ ಆ ಮಣ್ಣಿನಲ್ಲಿ ಏನಿದೆ ಎಂಬುದಕ್ಕೂ ನೇರ ಸಂಬಂಧವಿದೆ. ಈ ಮೂರನೆಯ ಲೆಕ್ಕವನ್ನು ಮೊದಲು ಬರೆಯದೆ ಮಾಡಿದ ಯಾವ ಹೊಸ ನಕ್ಷೆಯೂ ನಿಲ್ಲುವುದಿಲ್ಲ ಎಂಬುದು ಇಷ್ಟು ವರ್ಷಗಳ ಕೆಲಸದಿಂದ ನನಗೆ ಗಟ್ಟಿಯಾದ ಅಭಿಪ್ರಾಯ.

ಕಬ್ಬಿಣದ ಕಾರ್ಖಾನೆ ಎಂದಾಗ ಕಣ್ಣಿಗೆ ಬರುವುದು ಕುಲುಮೆ, ಚಿಮಣಿ, ಕಿಟ್ಟದ ರಾಶಿ. ಆದರೆ ನೆಲವನ್ನು ಹೆಚ್ಚು ಕೆಡಿಸುವುದು ಕುಲುಮೆಯಲ್ಲ, ಅದಕ್ಕೆ ಆಹಾರ ಒದಗಿಸುವ ಕೋಕ್ ಒಲೆ. ಕಲ್ಲಿದ್ದಲನ್ನು ಗಾಳಿಯಾಡದ ಒಲೆಯಲ್ಲಿ ಸಾವಿರ ಡಿಗ್ರಿಗೂ ಮೀರಿ ಕಾಯಿಸಿದಾಗ ಒಳಗಿರುವುದೆಲ್ಲ ಅನಿಲವಾಗಿ ಹೊರಬಿದ್ದು, ಗಟ್ಟಿಯಾದ ಕೋಕ್ ಉಳಿಯುತ್ತದೆ. ಹೊರಬಿದ್ದ ಅನಿಲವನ್ನು ತಣಿಸಿದಾಗ ಡಾಂಬರು, ಬೆಂಜೀನ್, ಫಿನಾಲ್, ಅಮೋನಿಯಾ ಸಿಗುತ್ತವೆ. ಸಯನೈಡನ್ನೂ ಗಂಧಕವನ್ನೂ ಅದರಿಂದ ತೊಳೆದು ತೆಗೆಯಬೇಕಾಗುತ್ತದೆ. ಇವನ್ನೆಲ್ಲ ಮಾರುವ ಉದ್ದೇಶದಿಂದಲೇ ಹಿಡಿದಿಡುತ್ತಿದ್ದರು. ಆದರೆ ಪೈಪಿನ ಕೀಲುಗಳು ಸೋರುತ್ತಿದ್ದವು, ತೊಟ್ಟಿಗಳ ತಳ ಬಿರುಕು ಬಿಡುತ್ತಿತ್ತು, ವ್ಯಾಗನ್ ತುಂಬುವಾಗ ಒಂದಷ್ಟು ಚೆಲ್ಲುತ್ತಿತ್ತು. ಹತ್ತಾರು ವರ್ಷ ದಿನವೂ ಸ್ವಲ್ಪ ಸ್ವಲ್ಪ ಚೆಲ್ಲಿದ್ದು ನೆಲದ ಕೆಳಗೆ ಹೇಗೆ ಕೂಡಿಬೀಳುತ್ತದೆ ಎಂಬುದನ್ನು ಕಣ್ಣಾರೆ ನೋಡದೆ ನಂಬುವುದು ಕಷ್ಟ.

ಅದನ್ನು ನೋಡುವುದು ಹೀಗೆ. ಯಂತ್ರವು ನೆಲಕ್ಕೆ ಇಳಿಸಿದ ಕೊಳವೆಯೊಳಗೆ ಪಾರದರ್ಶಕ ಪ್ಲಾಸ್ಟಿಕ್ ಒರೆ ಇರುತ್ತದೆ. ಅದನ್ನು ಮೇಲೆತ್ತಿ, ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿ, ಕೊಕ್ಕೆಯಂಥ ಚಾಕುವಿನಿಂದ ಸೀಳಿ ತೆರೆಯುತ್ತೇವೆ. ಹಳೆಯ ಕೋಕ್ ಒಲೆಯ ಜಾಗವಾದರೆ ಮೊದಲು ಇಟ್ಟಿಗೆ ಚೂರು, ಬೂದಿ, ಗಾಜಿನಂತೆ ಹಸಿರಾಗಿ ಹೊಳೆಯುವ ಕಿಟ್ಟ ಬರುತ್ತವೆ. ಅದರ ಕೆಳಗೆ ಹಳದಿ ಜೇಡಿ ಶುರುವಾಗುವ ಕಡೆ ಕರಿಯ ಪಟ್ಟಿಯೊಂದು ಕಾಣಿಸುತ್ತದೆ. ಬೆಳಕಿಗೆ ಹಿಡಿದರೆ ಅದರ ಮೇಲೆ ಎಣ್ಣೆಯ ಬಣ್ಣಗಳು ಆಡುತ್ತವೆ. ಒರೆ ಬಿಚ್ಚುತ್ತಿದ್ದಂತೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಅಜ್ಜಿಯ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇರುತ್ತಿದ್ದ ಅದೇ ನಾಫ್ತಲೀನ್. ಕೆಲವೊಮ್ಮೆ ಮಣ್ಣಿನ ನಡುವೆ ಕಡುನೀಲಿ ಬಣ್ಣದ ಪದರ ಸಿಗುತ್ತದೆ, ಚಿತ್ರಕಾರರು ಬಳಸುವ ನೀಲಿಯಷ್ಟೇ ಚಂದ. ಅನಿಲದಲ್ಲಿದ್ದ ಸಯನೈಡನ್ನು ಹಿಡಿಯಲು ಬಳಸಿ ಬಿಸಾಡಿದ ಕಬ್ಬಿಣದ ಆಕ್ಸೈಡು ಅದು. ಕಬ್ಬಿಣ ಮತ್ತು ಸಯನೈಡು ಕೂಡಿ ಆ ಬಣ್ಣ ತಾಳುತ್ತವೆ. ಬೇಗ ಆವಿಯಾಗುವ ರಾಸಾಯನಿಕಗಳ ಪರೀಕ್ಷೆಗೆ ಬೇಕಾದ ಮಣ್ಣನ್ನು ಆ ಕ್ಷಣವೇ ಗಾಜಿನ ಸೀಸೆಗೆ ಹಾಕಿ ಮುಚ್ಚಬೇಕು. ತಡಮಾಡಿದರೆ ಬೆಂಜೀನ್ ಗಾಳಿಗೆ ಹೋಗಿ, ಕೆಟ್ಟ ಮಣ್ಣು ಕಾಗದದ ಮೇಲೆ ಒಳ್ಳೆಯ ಮಣ್ಣಾಗಿಬಿಡುತ್ತದೆ.

ಆ ಕರಿಪಟ್ಟಿ ಎಲ್ಲಿಯವರೆಗೆ ಹಬ್ಬಿದೆ, ಎಷ್ಟು ಆಳಕ್ಕಿಳಿದಿದೆ, ನೀರನ್ನು ಮುಟ್ಟಿದೆಯೇ ಎಂಬುದೇ ಮುಂದಿನದನ್ನೆಲ್ಲ ನಿರ್ಧರಿಸುತ್ತದೆ. ಎಲ್ಲ ವಿಷವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಬೆಂಜೀನ್ ನೀರಿನಲ್ಲಿ ಕರಗಿ ಅಂತರ್ಜಲದ ಜೊತೆ ಬೇಲಿ ದಾಟಿ ಪಕ್ಕದವರ ಬಾವಿಯವರೆಗೂ ಹೋಗಬಲ್ಲದು. ಆದರೆ ಆಮ್ಲಜನಕ ಸಿಕ್ಕರೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ. ಡಾಂಬರಿನಲ್ಲಿರುವ ಬೆಂಜೋಪೈರೀನ್‌ನಂಥ ಭಾರದ ಅಣುಗಳು ಕ್ಯಾನ್ಸರ್ ತರುವಂಥವು. ಅವು ಮಣ್ಣಿಗೆ ಕಚ್ಚಿಕೊಂಡು ಅಲ್ಲಾಡುವುದೇ ಇಲ್ಲ, ಹಾಗೆಯೇ ಕರಗಿಯೂ ಹೋಗುವುದಿಲ್ಲ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂನಂಥ ಲೋಹಗಳಂತೂ ಮೂಲಧಾತುಗಳು. ಅವನ್ನು ಯಾವ ಬ್ಯಾಕ್ಟೀರಿಯಾವೂ ಒಡೆಯಲಾರದು, ಯಾವ ಬೆಂಕಿಯೂ ಇಲ್ಲವಾಗಿಸಲಾರದು.

‘ಶುದ್ಧೀಕರಣ’ ಎಂಬ ಹೆಸರಿನಲ್ಲಿ ನಡೆಯುವ ಕೆಲಸದ ಹೆಚ್ಚಿನ ಪಾಲು ಆದ್ದರಿಂದ ವಿಷವನ್ನು ಇಲ್ಲವಾಗಿಸುವುದಲ್ಲ, ಅದು ಎಲ್ಲಿರಬೇಕೆಂದು ತೀರ್ಮಾನಿಸುವುದು. ಮಣ್ಣನ್ನು ಅಗೆದು ಸಾಗಿಸಿದರೆ ಅದು ಇನ್ನೊಂದು ಊರಿನ ಭರ್ತಿ ಗುಂಡಿಗೆ ಹೋಗುತ್ತದೆ. ನೀರಿನಲ್ಲಿ ತೊಳೆದರೆ ಮರಳು, ಜಲ್ಲಿ ಬಹುಮಟ್ಟಿಗೆ ಶುದ್ಧವಾಗುತ್ತವೆ. ವಿಷವೆಲ್ಲ ಉಳಿದ ನಯವಾದ ಕೆಸರಿನಲ್ಲಿ ಕೂಡಿಕೊಳ್ಳುತ್ತದೆ, ಆ ಕೆಸರಿಗೆ ಮತ್ತೆ ಜಾಗ ಹುಡುಕಬೇಕು. ಒಲೆಯಲ್ಲಿ ಕಾಯಿಸಿದರೆ ಡಾಂಬರಿನ ಅಂಶ ನಿಜವಾಗಿಯೂ ನಾಶವಾಗುತ್ತದೆ, ಆದರೆ ಖರ್ಚು ಬಹಳ. ಆ ಮಣ್ಣಿನಲ್ಲಿ ಆಮೇಲೆ ಹುಲ್ಲು ಹುಟ್ಟಲೂ ಆರೈಕೆ ಬೇಕು. ಇನ್ನೊಂದು ದಾರಿ ಇದ್ದಲ್ಲೇ ಮುಚ್ಚುವುದು: ದಪ್ಪ ಪ್ಲಾಸ್ಟಿಕ್ ಹಾಳೆ, ಜೇಡಿಮಣ್ಣು, ಅದರ ಮೇಲೆ ಒಳ್ಳೆಯ ಮಣ್ಣು ಹೊದಿಸಿ, ಮಳೆನೀರು ಒಳಗಿಳಿಯದಂತೆ, ಯಾರ ಕೈಕಾಲಿಗೂ ತಾಗದಂತೆ ನೋಡಿಕೊಳ್ಳುವುದು. ಅದು ಅಗ್ಗ. ಆದರೆ ಹಾಗೆ ಮುಚ್ಚಿದ್ದನ್ನು ಕಾಯಲು ಯಾರಾದರೂ ಎಂದೆಂದಿಗೂ ಇರಬೇಕು.

ಎಷ್ಟು ಶುದ್ಧವಾದರೆ ಸಾಕು ಎಂಬುದಕ್ಕೂ ಒಂದೇ ಉತ್ತರವಿಲ್ಲ. ಜರ್ಮನಿಯಲ್ಲಿ 1998ರಲ್ಲಿ ಮಣ್ಣಿನ ರಕ್ಷಣೆಗೆಂದೇ ಪ್ರತ್ಯೇಕ ಕಾಯ್ದೆ ಬಂತು. 1999ರಲ್ಲಿ ಅದರ ನಿಯಮಾವಳಿ ಬಂತು. ಒಂದು ಕಿಲೋ ಮಣ್ಣಿನಲ್ಲಿ ಎಷ್ಟು ಸೀಸ ಕಂಡರೆ ತನಿಖೆ ನಡೆಸಬೇಕೆಂದು ಆ ನಿಯಮಾವಳಿ ಹೇಳುತ್ತದೆ: ಮಕ್ಕಳ ಆಟದ ಜಾಗವಾದರೆ 200 ಮಿಲಿಗ್ರಾಂ, ವಸತಿ ಪ್ರದೇಶವಾದರೆ 400, ಉದ್ಯಾನವಾದರೆ 1,000, ಕೈಗಾರಿಕಾ ಜಾಗವಾದರೆ 2,000. ಒಂದೇ ಮಣ್ಣು, ಅದೇ ಸೀಸ, ಆದರೆ ನಾಲ್ಕು ಅಳತೆ. ಮೊದಲ ಸಲ ಓದಿದವರಿಗೆ ಇದು ಅನ್ಯಾಯದಂತೆ ತೋರಬಹುದು. ಆದರೆ ಆಟದ ಜಾಗದಲ್ಲಿ ಕೂಸು ಮಣ್ಣಾದ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಕಾಂಕ್ರೀಟು ಹಾಸಿದ ಗೋದಾಮಿನ ಅಂಗಳದಲ್ಲಿ ಹಾಗಾಗುವುದಿಲ್ಲ ಎಂಬುದನ್ನು ಯೋಚಿಸಿದರೆ ಅದರ ಹಿಂದಿನ ವಿವೇಕ ತಿಳಿಯುತ್ತದೆ. ಇದರಿಂದ ಹೊರಡುವ ಇನ್ನೊಂದು ಮಾತು ನನಗೆ ಅಷ್ಟೇ ಮುಖ್ಯ. ಉದ್ಯಾನಕ್ಕೆಂದು ಶುದ್ಧಗೊಳಿಸಿದ ನೆಲವನ್ನು ಹತ್ತು ವರ್ಷದ ಬಳಿಕ ಯಾರೋ ಸದ್ದಿಲ್ಲದೆ ವಸತಿ ಪ್ರದೇಶವೆಂದು ಬದಲಾಯಿಸಿದರೆ, ಹಳೆಯ ವರದಿಯ ‘ಸುರಕ್ಷಿತ’ ಎಂಬ ಷರಾ ಅಲ್ಲಿಗೆ ಸಲ್ಲದು. ಭೂಬಳಕೆಯ ಬದಲಾವಣೆಯೆಂದರೆ ಕಂದಾಯ ದಾಖಲೆಯ ವಿಷಯವಷ್ಟೇ ಎಂದು ತಿಳಿಯುವ ನಮ್ಮ ಊರುಗಳಲ್ಲಿ ಈ ಸಂಬಂಧ ಯಾರಿಗೂ ನೆನಪಿರುವುದಿಲ್ಲ.

ಮೈಡರಿಶ್‌ಗೆ ಮರಳುತ್ತೇನೆ. ಕಾರ್ಖಾನೆ ಮುಚ್ಚಿದಾಗ ಎಲ್ಲವನ್ನೂ ಕೆಡವಿ ಸಪಾಟು ಮಾಡಬೇಕೆಂಬ ವಾದ ಬಲವಾಗಿತ್ತು. ಊರಿನ ಜನ ಗುಂಪುಗೂಡಿ ಅದನ್ನು ವಿರೋಧಿಸಿದರು. ಸರಿಯಾಗಿ ಅದೇ ಹೊತ್ತಿಗೆ, 1989ರಲ್ಲಿ, ರಾಜ್ಯ ಸರ್ಕಾರವು ಎಮ್ಶರ್ ನದಿಯ ಉದ್ದಕ್ಕೂ ಇರುವ ಸೊರಗಿದ ಕೈಗಾರಿಕಾ ಪಟ್ಟಿಯನ್ನು ಮತ್ತೆ ಕಟ್ಟುವ ಹತ್ತು ವರ್ಷದ ಯೋಜನೆಯನ್ನು ಕಾರ್ಲ್ ಗಾನ್ಸರ್ ಅವರ ಮುಂದಾಳತ್ವದಲ್ಲಿ ಕೈಗೆತ್ತಿಕೊಂಡಿತು. ಈ ಜಾಗಕ್ಕಾಗಿ ನಡೆದ ವಿನ್ಯಾಸ ಸ್ಪರ್ಧೆಯಲ್ಲಿ ಪೀಟರ್ ಲಾಟ್ಸ್ ಎಂಬ ಭೂದೃಶ್ಯ ವಿನ್ಯಾಸಕನ ತಂಡ ಆಯ್ಕೆಯಾಯಿತು. 1994ರಲ್ಲಿ ಜಾಗ ಸಾರ್ವಜನಿಕ ಉದ್ಯಾನವಾಗಿ ತೆರೆಯಿತು.

ಲಾಟ್ಸ್ ಅವರ ನಿರ್ಧಾರಗಳಲ್ಲಿ ನನಗೆ ದೊಡ್ಡದೆನಿಸುವುದು ಅವರು ಜಾಗದ ಚರಿತ್ರೆಯನ್ನೂ ವಿಷವನ್ನೂ ಮರೆಮಾಚಲು ಹೋಗಲಿಲ್ಲ ಎಂಬುದು. ಅದಿರಿನ ಪುಡಿಯನ್ನು ಬೇಯಿಸಿ ಉಂಡೆಗಟ್ಟಿಸುತ್ತಿದ್ದ ಸಿಂಟರ್ ಘಟಕ ತೀರಾ ಕಲುಷಿತವಾಗಿದ್ದರಿಂದ ಅದನ್ನು ಉಳಿಸಿಕೊಳ್ಳಲಾಗಲಿಲ್ಲ, ಕೆಡವಿದರು. ಅತಿ ಕೆಟ್ಟ ಮಣ್ಣನ್ನು ನೂರಾರು ಮೈಲಿ ಸಾಗಿಸದೆ, ಅಲ್ಲೇ ಇದ್ದ, ಕಚ್ಚಾವಸ್ತು ತುಂಬಿಡುತ್ತಿದ್ದ ದಪ್ಪ ಕಾಂಕ್ರೀಟ್ ಗೋಡೆಗಳ ಹಳೆಯ ಬಂಕರುಗಳಲ್ಲಿ ಹುಗಿದು ಮುಚ್ಚಿದರು. ಉಳಿದ ಬಂಕರುಗಳೊಳಗೆ ಹೊಸ ಮಣ್ಣು ತುಂಬಿ ಸಣ್ಣ ಸಣ್ಣ ತೋಟಗಳನ್ನು ಬೆಳೆಸಿದರು. ಮೇಲಿನ ಕಟ್ಟೆಯ ಮೇಲೆ ನಡೆಯುತ್ತ ಆ ತೋಟಗಳನ್ನು ಕೆಳಗೆ ನೋಡಬಹುದು. ಕೋಕ್ ಒಲೆಗಳಿದ್ದ ಕಡೆ, ಡಾಂಬರಿನಂಶ ಕಚ್ಚಿಕೊಂಡ ಕರಿಮಣ್ಣಿನಲ್ಲಿ, ಬರ್ಚ್ ಮರಗಳು ಎದ್ದಿವೆ. ಅಲ್ಲಿ ಮಣ್ಣು ತಾನಾಗಿ ತಿಳಿಯಾಗಲು ತಲೆಮಾರುಗಳೇ ಬೇಕೆಂದು ಒಪ್ಪಿಕೊಂಡು, ಅದನ್ನು ಕೆದಕದೆ ಬಿಟ್ಟಿದ್ದಾರೆ. ಎಲ್ಲವನ್ನೂ ಅಗೆದು ತೆಗೆಯುತ್ತೇವೆಂದು ಹೊರಟಿದ್ದರೆ ಅಷ್ಟು ಮಣ್ಣಿನ ಧೂಳು ಸುತ್ತಲಿನ ಮನೆಗಳ ಮೇಲೆ ಬೀಳುತ್ತಿತ್ತು, ಹಣವೂ ಮುಗಿಯುತ್ತಿತ್ತು, ವಿಷ ಇನ್ಯಾರದೋ ಅಂಗಳಕ್ಕೆ ಹೋಗುತ್ತಿತ್ತು.

ಕಬ್ಬಿಣ ಎರಕ ಹೊಯ್ಯುವ ಅಂಗಳದಲ್ಲಿ ಹಾಸಿದ್ದ ದೊಡ್ಡ ದೊಡ್ಡ ಎರಕದ ಹಲಗೆಗಳಲ್ಲಿ 49ನ್ನು ಎತ್ತಿ ತಂದು, ಕುಲುಮೆಗಳ ನಡುವಿನ ಚೌಕದಲ್ಲಿ ಏಳೇಳರ ಸಾಲಿನಲ್ಲಿ ಜೋಡಿಸಿದ್ದಾರೆ. ಒಂದೊಂದೂ ಏಳೆಂಟು ಟನ್ ತೂಗುತ್ತದೆ. ಬಗ್ಗಿ ನೋಡಿದರೆ ಕರಗಿದ ಕಬ್ಬಿಣ ಅದರ ಮೈಯನ್ನು ತಿಂದ ಗುರುತುಗಳು, ಮಳೆ ಬಿಡಿಸಿದ ತುಕ್ಕಿನ ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. ಮೂರು ಊದುಕುಲುಮೆಗಳು ಇಂದಿಗೂ ನಿಂತಿವೆ. ಐದನೆಯದರ ತುದಿಯವರೆಗೂ ಹತ್ತಬಹುದು. ಅದಿರು ತುಂಬಿಡುತ್ತಿದ್ದ ಕಣಜಗಳ ಗೋಡೆಗಳಲ್ಲಿ ಪರ್ವತಾರೋಹಿಗಳ ಸಂಘ ಹತ್ತುವ ಅಭ್ಯಾಸ ನಡೆಸುತ್ತದೆ. ಅನಿಲ ಸಂಗ್ರಹಿಸುತ್ತಿದ್ದ, 45 ಮೀಟರ್ ಅಗಲದ ದುಂಡು ತೊಟ್ಟಿಗೆ ಎರಡು ಕೋಟಿ ಲೀಟರಿನಷ್ಟು ನೀರು ತುಂಬಿಸಿ ಮುಳುಗು ಈಜು ಕಲಿಸುತ್ತಾರೆ. ಇವೆಲ್ಲ ಪ್ರವಾಸಿ ಪುಸ್ತಿಕೆಗಳಲ್ಲಿ ಸಿಗುವ ಸಂಗತಿಗಳು, ನಾನು ಹೆಚ್ಚು ಹೇಳುವುದಿಲ್ಲ.

ಅಷ್ಟಾಗಿ ಯಾರೂ ಮಾತಾಡದ ಸಂಗತಿ ನೀರಿನದು. ಉದ್ಯಾನದ ನಡುವೆ ಹಾದುಹೋಗುವ ಹಳೆ ಎಮ್ಶರ್ ಕಾಲುವೆ ಆಗ ಬರೀ ಚರಂಡಿ. ಕಾಂಕ್ರೀಟಿನ ತೆರೆದ ತೊಟ್ಟಿಯಲ್ಲಿ ಊರಿನ ಮಲಮೂತ್ರವೆಲ್ಲ ಹರಿಯುತ್ತಿತ್ತು. ಆ ಕೊಳಚೆಯನ್ನು ದೊಡ್ಡ ಕೊಳವೆಯಲ್ಲಿ ನೆಲದಡಿ ಇಳಿಸಿ, ಅದರ ಮೇಲೆ ಜೇಡಿಮಣ್ಣಿನ ಪದರ ಹಾಸಿ, ಆ ಪದರದ ಮೇಲೆ ಹೊಸ ತೊರೆಯೊಂದನ್ನು ಮಾಡಿದರು. ಅದರಲ್ಲಿ ಹರಿಯುವುದು ಮಳೆನೀರು ಮಾತ್ರ. ಚಾವಣಿಗಳ ನೀರು ಹಳೆಯ ಕೊಳವೆಗಳಲ್ಲಿ, ಹಳೆಯ ತಣಿಸುವ ಕೊಳಗಳ ಮೂಲಕ ಹಾದು ಅಲ್ಲಿಗೆ ಸೇರುತ್ತದೆ. ಗಾಳಿಯಂತ್ರವೊಂದು ನೀರನ್ನು ಮೇಲೆತ್ತಿ ಬೀಳಿಸಿ ಅದಕ್ಕೆ ಆಮ್ಲಜನಕ ಬೆರೆಸುತ್ತದೆ. ಆ ಜೇಡಿಯ ಪದರ ಇಲ್ಲದಿದ್ದರೆ ತೊರೆಯ ನೀರು ಕೆಳಗಿನ ಕೆಟ್ಟ ಮಣ್ಣಿಗಿಳಿದು ಅಂತರ್ಜಲಕ್ಕೆ ವಿಷ ಹೊತ್ತೊಯ್ಯುತ್ತಿತ್ತು. ಉದ್ಯಾನದಲ್ಲಿ ತೊರೆ ಕಂಡು ಸಂತೋಷಪಡುವವರ ಕಾಲಡಿಯಲ್ಲಿ ಈ ಎಲ್ಲ ಯೋಚನೆಯಿದೆ. ಗಿಡಗಳದೂ ಹೀಗೆಯೇ. ಇಲ್ಲಿ 700ಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಎಷ್ಟೋ ಪರದೇಶದ ಅದಿರಿನ ಜೊತೆ ಬೀಜವಾಗಿ ಹಡಗಿನಲ್ಲಿ ಬಂದವು. ಕಿಟ್ಟದ ಮೇಲೆ, ಹಳಿಗಳ ಜಲ್ಲಿಯ ನಡುವೆ ತಾವಾಗಿಯೇ ಬೇರೂರಿದ ಇವನ್ನು ಕಳೆಯೆಂದು ಕಿತ್ತುಹಾಕದೆ ಉಳಿಸಿಕೊಂಡದ್ದು ನನಗೆ ಬಹಳ ಹಿಡಿಸಿದ ನಿರ್ಧಾರ.

ಎಮ್ಶರ್ ನದಿಯ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಏಕೆಂದರೆ ಒಂದು ಕಾರ್ಖಾನೆಯ ಜಾಗ ಎಂದೂ ಒಂಟಿಯಾಗಿ ಶುದ್ಧವಾಗಲಾರದು. ರೂರ್‌ನಲ್ಲಿ ಕಲ್ಲಿದ್ದಲು ತೆಗೆದಂತೆ ಮೇಲಿನ ನೆಲ ಕುಸಿಯುತ್ತಿತ್ತು. ನೆಲದಡಿ ಚರಂಡಿ ಕೊಳವೆ ಹಾಕಿದರೆ ಒಡೆದುಹೋಗುತ್ತಿತ್ತು. ಆದ್ದರಿಂದ ಇಡೀ ನದಿಯನ್ನೇ ತೆರೆದ ಚರಂಡಿಯಾಗಿಸುವ ನಿರ್ಧಾರವಾಯಿತು, ಅದನ್ನು ನಡೆಸಲು 1899ರಲ್ಲಿ ನಗರಗಳೂ ಗಣಿಗಳೂ ಕಾರ್ಖಾನೆಗಳೂ ಸೇರಿದ ಒಂದು ಜಲಸಹಕಾರ ಸಂಘ ಹುಟ್ಟಿತು. ಸುಮಾರು ನೂರು ವರ್ಷ ಮಕ್ಕಳಿಗೆ ‘ನದಿಯ ಹತ್ತಿರ ಹೋಗಬೇಡ’ ಎಂದು ಕಲಿಸಿದ ಸೀಮೆ ಅದು. ಗಣಿಗಾರಿಕೆ ಉತ್ತರಕ್ಕೆ ಸರಿದು ನೆಲ ಕುಸಿಯುವುದು ನಿಂತ ಮೇಲೆ, 1992ರಲ್ಲಿ ಅದೇ ಸಂಘ ನದಿಯನ್ನು ಮತ್ತೆ ನದಿಯಾಗಿಸುವ ಕೆಲಸಕ್ಕೆ ಕೈಹಾಕಿತು. ಡಾರ್ಟ್‌ಮುಂಡ್‌ನಿಂದ ಡಿನ್ಸ್‌ಲಾಕನ್‌ವರೆಗೆ 51 ಕಿಲೋಮೀಟರ್ ಉದ್ದದ ಮುಖ್ಯ ಕೊಳವೆಯನ್ನು ಆಳದಲ್ಲಿ ಹಾಕಿ, 2021ರ ಕೊನೆಗೆ ನದಿಗೆ ಕೊಳಚೆ ಸೇರುವುದನ್ನು ಪೂರ್ತಿ ನಿಲ್ಲಿಸಿದರು. ಖರ್ಚು ಸುಮಾರು 550 ಕೋಟಿ ಯೂರೋ. ಕೆಡಿಸಿದ ಸಂಸ್ಥೆಯೇ, ಅದೇ ಹೆಸರಿನಲ್ಲಿ ಬದುಕುಳಿದು, ಸರಿಪಡಿಸಿತು ಎಂಬುದನ್ನು ಗಮನಿಸಬೇಕು. ಕೆಡಿಸಿದವರು ಕಂಪನಿ ಮುಚ್ಚಿ ಮನೆಗೆ ಹೋಗಿದ್ದರೆ ಈ ಬಿಲ್ಲು ಯಾರ ಹೆಸರಿಗೂ ಬರುತ್ತಿರಲಿಲ್ಲ.

ಈ ಸೀಮೆಯಲ್ಲಿ ಇನ್ನೊಂದು ಹೊಣೆಯೂ ಇದೆ, ಅದಕ್ಕೆ ಕೊನೆಯ ದಿನಾಂಕವೇ ಇಲ್ಲ. ಜರ್ಮನಿಯ ಕೊನೆಯ ಕಪ್ಪು ಕಲ್ಲಿದ್ದಲಿನ ಗಣಿ 2018ರ ಡಿಸೆಂಬರ್‌ನಲ್ಲಿ ಬೊಟ್ರೋಪ್ ಊರಿನಲ್ಲಿ ಮುಚ್ಚಿತು. ಆದರೆ ಕೆಲವೆಡೆ 20 ಮೀಟರ್‌ಗೂ ಹೆಚ್ಚು ಕುಸಿದಿರುವ ನೆಲದಿಂದ ನೀರೆತ್ತುವ ಪಂಪುಗಳು ಹಗಲೂ ರಾತ್ರಿ ನಡೆಯುತ್ತಲೇ ಇರಬೇಕು, ಇಲ್ಲವಾದರೆ ರೂರ್‌ನ ಎಷ್ಟೋ ಬಡಾವಣೆಗಳು ಕೆರೆಯಾಗುತ್ತವೆ. ಇದಕ್ಕೆಂದೇ 2007ರಲ್ಲಿ, ಅಂದರೆ ಗಣಿಗಳು ಇನ್ನೂ ನಡೆಯುತ್ತಿದ್ದಾಗಲೇ, ಒಂದು ಪ್ರತಿಷ್ಠಾನವನ್ನು ಕಟ್ಟಿ ಅದರ ಹೆಸರಿಗೆ ಆಸ್ತಿ ಬರೆದಿಟ್ಟರು. 2019ರಿಂದ ಆ ಆಸ್ತಿಯ ಆದಾಯದಿಂದ ಪಂಪುಗಳು ನಡೆಯುತ್ತಿವೆ.

ಎಲ್ಲ ಕಡೆ ಮೈಡರಿಶ್‌ನ ದಾರಿಯನ್ನೇ ಹಿಡಿದರೆಂದಲ್ಲ. ಡಾರ್ಟ್‌ಮುಂಡ್‌ನ ಹೋರ್ಡೆಯಲ್ಲಿದ್ದ ಫೀನಿಕ್ಸ್ ಉಕ್ಕಿನ ಕಾರ್ಖಾನೆ 2001ರಲ್ಲಿ ನಿಂತಿತು. ಅದನ್ನು ಚೀನಾದ ಕಂಪನಿಯೊಂದು ಕೊಂಡಿತು. ಅಲ್ಲಿಂದ ಬಂದ ನೂರಾರು ಕಾರ್ಮಿಕರು ಒಂದೊಂದೇ ಬೋಲ್ಟು ಬಿಚ್ಚಿ, ಗುರುತು ಹಾಕಿ, ಇಡೀ ಕಾರ್ಖಾನೆಯನ್ನು ಹಡಗಿನಲ್ಲಿ ಸಾಗಿಸಿದರು. ಉಳಿದ ಜಾಗವನ್ನು ಅಗೆದು, 2010ರ ಅಕ್ಟೋಬರ್‌ನಲ್ಲಿ ನೀರು ಬಿಡಲು ಆರಂಭಿಸಿ, 24 ಹೆಕ್ಟೇರಿನ ಕೆರೆ ಮಾಡಿದರು. ಕೆರೆ ಚೆನ್ನಾಗಿಯೇ ಇದೆ. ಭಾನುವಾರ ಸಂಜೆ ಅದರ ದಂಡೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಎದುರು ದಿಬ್ಬದ ಮೇಲೆ ಎದ್ದ ಬಿಳಿ ಮನೆಗಳು ಹೋರ್ಡೆಯ ಹಳೆಯ ಕಾರ್ಮಿಕ ಕುಟುಂಬಗಳ ಕೈಗೆಟುಕುವಂಥವಲ್ಲ. ಕುಲುಮೆಯ ಹೊಗೆ ಕುಡಿದವರು ಕೆರೆಯ ಗಾಳಿಗೆ ಅತಿಥಿಗಳಾಗಿ ಬರುತ್ತಾರೆ. ಇದು ನನಗೆ ಒಪ್ಪಿಗೆಯಾಗದ ಪರಿಹಾರ. ಸಾರ್ವಜನಿಕ ಹಣದಿಂದ ಶುದ್ಧವಾದ ನೆಲದ ಬೆಲೆ ಏರಿದಾಗ ಆ ಏರಿಕೆಯಲ್ಲಿ ಮೊದಲ ಪಾಲು ಅಲ್ಲಿನ ಧೂಳು ತಿಂದವರಿಗೆ ಸಲ್ಲಬೇಕು. ಹಾಗೆಂದು ಮೈಡರಿಶ್‌ನ ಉದ್ಯಾನವೂ ಹೋದ ಕೆಲಸಗಳನ್ನು ಮರಳಿ ತಂದುಕೊಟ್ಟಿಲ್ಲ. ಡ್ಯೂಸ್‌ಬುರ್ಗ್‌ನಲ್ಲಿ ನಿರುದ್ಯೋಗ ಇಂದಿಗೂ ದೇಶದ ಸರಾಸರಿಗಿಂತ ಬಹಳ ಹೆಚ್ಚು. ಉದ್ಯಾನ ಮಾಡಬಲ್ಲ ಕೆಲಸ ಬೇರೆ, ಕಾರ್ಖಾನೆ ಮಾಡುತ್ತಿದ್ದ ಕೆಲಸ ಬೇರೆ.

ಈಗ ನಮ್ಮ ಕಡೆಗೆ. ಬೆಂಗಳೂರಿನ ಹಳೆಯ ಮಿಲ್ಲುಗಳ ಜಾಗ ಮಾಲ್ ಮತ್ತು ಅಪಾರ್ಟ್‌ಮೆಂಟುಗಳಾದದ್ದನ್ನು ನಾವೆಲ್ಲ ನೋಡಿದ್ದೇವೆ. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ 1956ರಲ್ಲಿ ಹುಟ್ಟಿ, ಟ್ರಾನ್ಸ್‌ಫಾರ್ಮರ್ ಮತ್ತು ಮೋಟಾರುಗಳಿಗೆ ಹೆಸರಾಗಿದ್ದ ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಬೈಯಪ್ಪನಹಳ್ಳಿಯ ಆ ಜಾಗದಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯನ್ನು ರಾಜ್ಯ ಸರ್ಕಾರ ಪ್ರಕಟಿಸಿದೆ. ಗೋಪುರಗಳ ಬದಲು ಮರಗಳು ಎಂಬುದು ಸಂತೋಷದ ವಿಷಯ. ಅಲ್ಲಿ ಸಸಿ ನೆಡುವ ಮುನ್ನ ಮಣ್ಣಿನಲ್ಲಿ ಪಿಸಿಬಿ ಇದೆಯೇ ಎಂದು ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದಿಡಬೇಕು ಎಂಬುದಷ್ಟೇ ನನ್ನ ಕೋರಿಕೆ. ಹಿಂದಿನ ಕಾಲದಲ್ಲಿ ಜಗತ್ತಿನಾದ್ಯಂತ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಕೆಯಾಗುತ್ತಿದ್ದ, ಎಷ್ಟು ವರ್ಷವಾದರೂ ಕರಗದ ರಾಸಾಯನಿಕ ಅದು. ಭಾರತ ಸರ್ಕಾರ 2016ರ ಆದೇಶದಲ್ಲಿ ಅದರ ತಯಾರಿಕೆ, ಆಮದುಗಳನ್ನು ನಿಷೇಧಿಸಿದೆ. ಅಲ್ಲಿ ಅದು ಇದೆಯೆಂದು ನಾನು ಹೇಳುತ್ತಿಲ್ಲ. ಇಲ್ಲ ಎಂದು ಹೇಳುವುದಕ್ಕೂ ಪರೀಕ್ಷೆ ಬೇಕು.

2025ರ ಜುಲೈನಲ್ಲಿ ಕೇಂದ್ರ ಸರ್ಕಾರವು ಕಲುಷಿತ ತಾಣಗಳ ನಿರ್ವಹಣೆಗೆ ಮೊದಲ ಬಾರಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಶಂಕಿತ ತಾಣಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ನಡೆಸಬೇಕು, ಕೆಡಿಸಿದವರೇ ಖರ್ಚು ಭರಿಸಬೇಕು ಎಂದು ಅವು ಹೇಳುತ್ತವೆ. ಬಹಳ ತಡವಾಗಿ ಬಂದರೂ ಒಳ್ಳೆಯ ನಿಯಮಗಳು. ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಅವು ಬೇರೆ ಕಾನೂನುಗಳಿಗೆ ಬಿಟ್ಟಿರುವುದರಿಂದ, 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದಂದಿನಿಂದ ಬೇಸಿಗೆಯ ಗಾಳಿಗೆ ಸಯನೈಡ್ ದಿಬ್ಬಗಳ ಧೂಳು ಉಣ್ಣುತ್ತಿರುವ ಕೆಜಿಎಫ್ ಜನರಿಗೆ ಇವುಗಳಿಂದ ಎಷ್ಟು ಆಸರೆ ಸಿಗಬಹುದೆಂಬ ಚಿಂತೆ ನನಗಿದೆ.

ಭದ್ರಾವತಿಯದು ಬೇರೆ ಸ್ಥಿತಿ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾಗಿ ಹುಟ್ಟಿ, 1923ರಲ್ಲಿ ತಯಾರಿಕೆ ಆರಂಭಿಸಿದ ಆ ಕಾರ್ಖಾನೆಯ ಮೂಲ ಹೆಸರಿನಲ್ಲೇ ಕಟ್ಟಿಗೆ ಬಟ್ಟಿ ಇಳಿಸುವ ಮಾತೂ ಇತ್ತು. ಕೋಕ್ ಇಲ್ಲದ ನಾಡಿನಲ್ಲಿ ಮಲೆನಾಡಿನ ಕಾಡಿನ ಕಟ್ಟಿಗೆಯಿಂದ ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುತ್ತಿದ್ದರು. ಇದ್ದಿಲಿನ ಜೊತೆ ಮರದ ಡಾಂಬರೂ ಮೆಥನಾಲೂ ಅಸಿಟೇಟೂ ಬರುತ್ತಿದ್ದವು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಊರು ಎದ್ದು ನಿಂತಿತು, ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ಘಟಕ ಮತ್ತೆ ಓಡಿತು. ಅದು ಪೂರ್ತಿಯಾಗಿ ನಡೆಯಲಿ ಎಂದೇ ನನ್ನ ಆಸೆ. ಆದರೆ ನೆಲದ ಲೆಕ್ಕ ಬರೆಯಲು ಕಾರ್ಖಾನೆ ಮುಚ್ಚುವುದನ್ನು ಕಾಯಬೇಕಾಗಿಲ್ಲ, ಕಾಯಲೂಬಾರದು. ಇಲ್ಲಿ ರೂರ್‌ನಲ್ಲಿ ನಾವು ಯಾವುದೇ ಹಳೆಯ ಜಾಗಕ್ಕೆ ಯಂತ್ರ ಇಳಿಸುವ ಮೊದಲು ತಿಂಗಳುಗಟ್ಟಲೆ ಕಾಗದಗಳಲ್ಲೇ ಕಳೆಯುತ್ತೇವೆ: ಹಳೆಯ ಕಟ್ಟಡ ನಕ್ಷೆಗಳು, ಪರವಾನಗಿ ಕಡತಗಳು, ಯುದ್ಧಕಾಲದಲ್ಲಿ ವಿಮಾನದಿಂದ ತೆಗೆದ ಚಿತ್ರಗಳು. ಆ ಚಿತ್ರಗಳಲ್ಲಿ ಸಿಡಿಯದ ಬಾಂಬುಗಳ ಗುರುತಿನ ಜೊತೆಗೆ ಈಗ ಇಲ್ಲದ ತೊಟ್ಟಿಗಳೂ ಕಾಣುತ್ತವೆ. ಆಮೇಲೆ ನಿವೃತ್ತ ಕೆಲಸಗಾರರನ್ನು ಮಾತಾಡಿಸುತ್ತೇವೆ. ಒಬ್ಬ ಹಿರಿಯರು ನನ್ನೆದುರು ಕೋಲಿನಿಂದ ನೆಲದಲ್ಲಿ ಗೆರೆ ಎಳೆದು, ಶುಕ್ರವಾರ ಸಂಜೆ ತೊಟ್ಟಿ ತೊಳೆದ ನೀರನ್ನು ಯಾವ ಕಡೆ ಬಿಡುತ್ತಿದ್ದೆವು ಎಂದು ತೋರಿಸಿದರು. ಯಾವ ನಕ್ಷೆಯಲ್ಲೂ ಇಲ್ಲದ ಆ ಗುಂಡಿಯಲ್ಲೇ ಆ ಜಾಗದ ಅತಿ ಕೆಟ್ಟ ಮಣ್ಣು ಸಿಕ್ಕಿತು.

ಅಂಥ ಹಿರಿಯರು ಭದ್ರಾವತಿಯಲ್ಲಿ ಈಗಲೂ ಇದ್ದಾರೆ. ಯಾವ ಷೆಡ್ಡಿನ ಹಿಂದೆ ಡಾಂಬರಿನ ಪೀಪಾಯಿಗಳಿದ್ದವು, ಬೂದಿಯನ್ನು ಎಲ್ಲಿ ಸುರಿಯುತ್ತಿದ್ದರು, ಭದ್ರಾ ಹೊಳೆಯ ಕಡೆಗೆ ಯಾವ ಮೋರಿ ಹೋಗುತ್ತಿತ್ತು ಎಂಬುದು ಅವರ ತಲೆಯಲ್ಲಿದೆ. ಬಟ್ಟಿ ಘಟಕವನ್ನು ಅದು ಓಡುತ್ತಿದ್ದ ಕಾಲದಲ್ಲಿ ನೋಡಿದವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಶಿವಮೊಗ್ಗದ ಯಾವುದಾದರೂ ಎಂಜಿನಿಯರಿಂಗ್ ಅಥವಾ ವಿಜ್ಞಾನ ಕಾಲೇಜಿನ ವಿದ್ಯಾರ್ಥಿಗಳು ಈ ಕೆಲಸಕ್ಕೆ ಮುಂದೆ ಬಂದರೆ, ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಕೊಡಲು, ಅವರ ಜೊತೆ ಕೂತು ನಕ್ಷೆ ಗುರುತಿಸಲು ನಾನು ಸಿದ್ಧ. ಅದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ, ಯಾವ ಯಂತ್ರವೂ ಬೇಕಿಲ್ಲ. ಊರಿನ ದೊಡ್ಡ ನಕ್ಷೆಯೊಂದು, ಧ್ವನಿಮುದ್ರಣಕ್ಕೆ ಒಂದು ಫೋನು ಮತ್ತು ಕ್ವಾರ್ಟರ್ಸ್‌ಗಳಲ್ಲಿ ಮನೆಮನೆಗೆ ಹೋಗುವಷ್ಟು ತಾಳ್ಮೆ ಇದ್ದರೆ ಈ ಬೇಸಿಗೆ ರಜೆಯಲ್ಲೇ ಶುರುಮಾಡಬಹುದು.